ಸಾಲುಗಿಡ ಕಾಯ್ದವರು: ಬೆಳಗಾವಿ–ಖಾನಾಪುರ ಹಾದಿಯ ನೆರಳಿನ ಇತಿಹಾಸ

ದಖ್ಖನದ ಹಳೆಯ ರಸ್ತೆಗಳ ಪಕ್ಕದಲ್ಲಿ ನಿಂತ ಆಲಗಳಲ್ಲಿ ಎಷ್ಟೋ ಗಿಡಗಳು ಟೊಂಗೆಯಿಂದ ಎದ್ದವು. ಮಿರಗದ ಮಳೆ ಹಿಡಿಯುವ ಹೊತ್ತಿಗೆ ಬಲಿತ ಗಿಡವೊಂದರಿಂದ ತೋಳಿನಷ್ಟು ದಪ್ಪದ, ಎಂಟೊಂಬತ್ತು ಅಡಿ ಉದ್ದದ ನೆಟ್ಟನೆಯ ಟೊಂಗೆಯನ್ನು ಆರಿಸಿ ಕಡಿಯುತ್ತಿದ್ದರು. ಮೇಲಿನ ತುದಿ ಬಿಸಿಲಿಗೆ ಒಣಗದಂತೆ ಅದಕ್ಕೆ ಸೆಗಣಿ, ಮಣ್ಣು ಮೆತ್ತುತ್ತಿದ್ದರು. ಬುಡವನ್ನು ಎರಡು-ಮೂರು ಅಡಿ ಆಳದ ಕುಣಿಯಲ್ಲಿ ನಿಲ್ಲಿಸಿ, ಮಣ್ಣು ತುಂಬಿ, ಕಾಲಿನಿಂದ ತುಳಿದು ಗಟ್ಟಿಮಾಡಿ, ಸುತ್ತ ಜಾಲಿಮುಳ್ಳು ಕಟ್ಟುತ್ತಿದ್ದರು. ಬೀಜದ ಸಸಿಯಾದರೆ ಮೇಕೆಯ ಒಂದೇ ಬಾಯಿಗೆ ಹೋಗುತ್ತದೆ. ಟೊಂಗೆ ಚಿಗುರುವುದು ದನದ ಬಾಯಿಗೆ ನಿಲುಕದ ಎತ್ತರದಲ್ಲಿ. ದನಗಳೇ ನಡೆಯುವ ದಾರಿಯಲ್ಲಿ ಗಿಡ ಉಳಿಸಿಕೊಳ್ಳಲು ಜನ ಕಂಡುಕೊಂಡ ಉಪಾಯ ಇದು.

ಆದರೆ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಮೊದಲ ಎರಡು-ಮೂರು ಬೇಸಿಗೆ ನೀರು ಹೊರಬೇಕು, ಮುರಿದ ಬೇಲಿ ಮತ್ತೆ ಕಟ್ಟಬೇಕು, ಗೆದ್ದಲು ಹತ್ತಿದರೆ ಬುಡ ಬಿಡಿಸಬೇಕು, ಸತ್ತ ಟೊಂಗೆ ಕಿತ್ತು ಮರುವರ್ಷ ಹೊಸದು ಹಾಕಬೇಕು. ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿ.ಮೀ. ಹಾದಿಯ ಸಾಲುಗಿಡಗಳ ಇತಿಹಾಸವನ್ನು ಹಿಂದಕ್ಕೆ ಓದುತ್ತ ಹೋದರೆ ನೆಟ್ಟವರಿಗಿಂತ ಕಾಯ್ದವರೇ ಮುಖ್ಯರಾಗಿ ಕಾಣುತ್ತಾರೆ. ಕಾಯುವ ಕೆಲಸ ಯಾರದೋ ಒಬ್ಬರ ಪಾಲಿಗೆ ಗೊತ್ತಾಗಿದ್ದಷ್ಟು ಕಾಲ ಸಾಲು ಉಳಿಯಿತು. ಅದು ಯಾರದೂ ಅಲ್ಲದಾದ ಮೇಲೆ ಕೊಡಲಿಗೆ ದಾರಿ ಸಲೀಸಾಯಿತು.

ಈ ಹಾದಿಯ ನೆಲವೇ ವಿಶೇಷ. ಬೆಳಗಾವಿಯ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಯ ಕಡೆ ಹೋದಂತೆ ಎರೆಭೂಮಿ, ಬಟಾಬಯಲು, ಕಡಿಮೆ ಮಳೆ. ದಕ್ಷಿಣಕ್ಕೆ ದೇಸೂರು, ಈದಲಹೊಂಡ ದಾಟಿ ಖಾನಾಪುರ ಮುಟ್ಟಿದರೆ ಕೆಮ್ಮಣ್ಣು, ಭತ್ತದ ಗದ್ದೆ. ಅಲ್ಲಿಂದ ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿಯವರೆಗೆ ಸಹ್ಯಾದ್ರಿಯ ದಟ್ಟ ಕಾಡು. ಬಯಲಿನಿಂದ ಮಲೆನಾಡಿಗೆ ಏರುವ ಮೆಟ್ಟಿಲಿನ ಮೇಲೆ ಬೆಳಗಾವಿ ಕೂತಿದೆ. ಊರಿನ ಹಳೆಯ ಹೆಸರಾದ ವೇಣುಗ್ರಾಮದಲ್ಲೇ ಬಿದಿರು ಇದೆ. ಹಾಗಾಗಿ ಒಂದೇ ದಾರಿಯಲ್ಲಿ ಒಂದು ತುದಿಗೆ ನೆರಳನ್ನು ನೆಟ್ಟು ಬೆಳೆಸಬೇಕು, ಇನ್ನೊಂದು ತುದಿಯಲ್ಲಿ ಕಾಡೇ ರಸ್ತೆಯ ಮೇಲೆ ಬಾಗಿರುತ್ತದೆ.

ದಾರಿಬದಿ ಗಿಡ ನೆಡಿಸುವುದು ಆಳುವವನ ಕರ್ತವ್ಯ ಎಂಬ ಮಾತು ಬಹಳ ಹಳೆಯದು. ಮಸ್ಕಿಯ ಬಂಡೆಯಲ್ಲಿ ತನ್ನ ಹೆಸರು ಬಿಟ್ಟುಹೋದ ಅಶೋಕ, ದಾರಿಗಳಲ್ಲಿ ಆಲ ನೆಡಿಸಿದ್ದನ್ನೂ ಮಾವಿನ ತೋಪು ಬೆಳೆಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಬೇರೆಡೆಯ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಅದು ಮನುಷ್ಯರಿಗೂ ಪಶುಗಳಿಗೂ ಎಂದು ಎರಡನ್ನೂ ಸೇರಿಸಿಯೇ ಹೇಳಿದ್ದಾನೆ. ರಟ್ಟರ ಕಾಲಕ್ಕೆ ಬೆಳಗಾವಿ ದೊಡ್ಡ ವ್ಯಾಪಾರದ ಊರು. ಕಮಲಬಸದಿಯ ಕಾಲದ, 1204ರ ಬೆಳಗಾವಿಯ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಲಾಳ, ಮಲೆಯಾಳಗಳಂಥ ದೂರದ ನಾಡುಗಳ ವರ್ತಕರ ಹೆಸರೂ ಸರಕಿನ ಮೇಲಿನ ಸುಂಕದ ವಿವರವೂ ಅವುಗಳಲ್ಲಿ ಸಿಗುತ್ತವೆ. ಆ ಸರಕು ಬಂದದ್ದು ಎತ್ತಿನ ಬೆನ್ನ ಮೇಲೆ. ಬೆನ್ನ ಮೇಲೆ ಹೇರು ಹೊತ್ತ ಎತ್ತು ದಿನಕ್ಕೆ ಕೆಲವೇ ಹರದಾರಿ ನಡೆಯುತ್ತದೆ. ನಡುಹಗಲಿಗೆ ಅದಕ್ಕೆ ನೆರಳೂ ನೀರೂ ಬೇಕೇ ಬೇಕು.

ಎತ್ತು ಮತ್ತು ಆಲದ ಈ ನಂಟು ಬೆಳಗಾವಿ ಸೀಮೆಯ ಪಂಚಾಂಗದಲ್ಲಿ ಇನ್ನೂ ಉಳಿದಿದೆ. ಜ್ಯೇಷ್ಠದ ಹುಣ್ಣಿಮೆ ಕನ್ನಡದ ರೈತರಿಗೆ ಕಾರಹುಣ್ಣಿಮೆ. ಎತ್ತು ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯುವ ದಿನ. ಅದೇ ದಿನ ನಗರದಲ್ಲೂ ಖಾನಾಪುರದಲ್ಲೂ ಮರಾಠಿ ಮನೆಗಳ ಹೆಣ್ಣುಮಕ್ಕಳಿಗೆ ವಟಪೌರ್ಣಿಮೆ. ಆಲದ ಬುಡಕ್ಕೆ ನೀರೆರೆದು, ಅರಿಸಿನ-ಕುಂಕುಮ ಏರಿಸಿ, ಬಿಳಿ ನೂಲು ಹಿಡಿದು ಕಾಂಡವನ್ನು ಸುತ್ತುತ್ತಾರೆ. ಸಂಜೆಯ ಹೊತ್ತಿಗೆ ಹಳೆಯ ಆಲದ ನಡುಭಾಗವೆಲ್ಲ ನೂಲಿನಿಂದ ಬೆಳ್ಳಗಾಗಿರುತ್ತದೆ. ಒಂದೇ ಹುಣ್ಣಿಮೆಯಲ್ಲಿ ಒಂದು ಭಾಷೆ ಎತ್ತನ್ನೂ ಇನ್ನೊಂದು ಭಾಷೆ ಆಲವನ್ನೂ ಪೂಜಿಸುತ್ತದೆ. ಎರಡೂ ಒಂದೇ ದಾರಿಯ ಜೊತೆಗಾರರು. ಭಾಷೆಯ ಹೆಸರಿನಲ್ಲಿ ಇಷ್ಟು ಜಗಳ ಕಂಡ ಗಡಿಸೀಮೆಯಲ್ಲಿ ಈ ಹುಣ್ಣಿಮೆಯನ್ನು ನೆನೆಯಬೇಕು. ಈಗ ಹತ್ತಿರದಲ್ಲಿ ಗಿಡವಿಲ್ಲದ ಬಡಾವಣೆಗಳಲ್ಲಿ ಪೇಟೆಯಿಂದ ಆಲದ ಟೊಂಗೆ ಕೊಂಡು ತಂದು ಮನೆಯೊಳಗೇ ಪೂಜೆ ನಡೆಸುತ್ತಾರೆ. ಆ ಟೊಂಗೆಗಳೂ ಯಾವುದೋ ಗಿಡದಿಂದಲೇ ಕಡಿದು ಬಂದವು.

ಖಾನಾಪುರ ತಾಲೂಕಿನ ಅತ್ಯಂತ ಪ್ರಸಿದ್ಧ ಗಿಡವೂ ಆಲವೇ. ಕಿತ್ತೂರಿನ ಸಂಗೊಳ್ಳಿ ರಾಯಣ್ಣ 1829ರಲ್ಲಿ ಮತ್ತೆ ದಂಡು ಕಟ್ಟಿ ಕಂಪನಿ ಸರ್ಕಾರದ ವಿರುದ್ಧ ಎದ್ದಾಗ ಈ ತಾಲೂಕಿನ ಬೀಡಿ, ನಂದಗಡಗಳೂ ಅವನ ದಾಳಿ ಕಂಡವು. ಮೋಸದಿಂದ ಹಿಡಿದುಕೊಡಲ್ಪಟ್ಟ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದ ಬಳಿ ಆಲದ ಗಿಡಕ್ಕೆ ನೇಣು ಹಾಕಲಾಯಿತು. ಅವನನ್ನು ಹೂಳಿದ ಜಾಗದಲ್ಲಿ ಒಡನಾಡಿ ಬಿಚ್ಚುಗತ್ತಿ ಚನ್ನಬಸಪ್ಪ ಒಂದು ಆಲದ ಸಸಿ ನೆಟ್ಟನೆಂದು ಜನ ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಆ ಗಿಡ ಇಂದು ಬೀಳಲು ಬಿಟ್ಟು ಹರಡಿದೆ. ಪಕ್ಕದಲ್ಲಿ ಅಶೋಕಸ್ತಂಭ, ಸಣ್ಣ ಗುಡಿ. ಮಕ್ಕಳಾಗಲೆಂದು ಹರಕೆ ಹೊತ್ತವರು ಕಟ್ಟಿದ ಪುಟ್ಟ ತೊಟ್ಟಿಲುಗಳು ಕೊಂಬೆಗಳಿಂದ ತೂಗುತ್ತವೆ. ಇಲ್ಲಿ ಕಾವಲಿಗೆ ಇಲಾಖೆ ಬೇಕಾಗಲಿಲ್ಲ. ಜನರ ಭಕ್ತಿಯೇ ಕಾವಲಾಯಿತು. ಆದರೆ ಆ ಭಾಗ್ಯ ಒಂದೆರಡು ಗಿಡಕ್ಕೆ ಮಾತ್ರ ಸಿಗುತ್ತದೆ. ಮೈಲುಗಟ್ಟಲೆ ಸಾಲಿಗೆ ಬೇರೆ ವ್ಯವಸ್ಥೆಯೇ ಬೇಕು.

ಆ ವ್ಯವಸ್ಥೆ ರೂಪ ತಳೆದದ್ದು ಕಂಪನಿಯ ಮತ್ತು ಅದರ ನಂತರದ ಬ್ರಿಟಿಷ್ ಆಡಳಿತದಲ್ಲಿ. 1818ರ ಏಪ್ರಿಲಿನಲ್ಲಿ ಥಾಮಸ್ ಮನ್ರೋನ ಸೇನೆ ಬೆಳಗಾವಿ ಕೋಟೆ ಹಿಡಿಯಿತು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾಯಿತು. ಕೋಟೆಯ ಪಶ್ಚಿಮಕ್ಕೆ ಸೈನ್ಯದ ಠಾಣ್ಯ ಬೆಳೆಯಿತು. ಊರವರ ಬಾಯಲ್ಲಿ ಅದು ಇಂದಿಗೂ ಕ್ಯಾಂಪು. ಬಿಸಿಲಿನಲ್ಲಿ ಪಡೆ ನಡೆಸಿದರೆ ಸೈನಿಕರು ಯುದ್ಧಕ್ಕೆ ಮೊದಲೇ ಹಾಸಿಗೆ ಹಿಡಿಯುತ್ತಾರೆಂಬುದು ಅಧಿಕಾರಿಗಳಿಗೆ ಗೊತ್ತಿತ್ತು. ಅದಕ್ಕೇ ಠಾಣ್ಯದ ರಸ್ತೆಗಳಿಗೆ ಎರಡೂ ಬದಿ ಗಿಡ, ಪಡೆ ಇಳಿಯುವ ಮೈದಾನಗಳಿಗೆ ಮಾವಿನ ತೋಪು. ಕ್ಯಾಂಪಿನ ರಸ್ತೆಗಳಲ್ಲಿ ಇಂದಿಗೂ ಕಾಣುವ ದಟ್ಟ ನೆರಳಿನ ಮೂಲ ಇಲ್ಲಿದೆ.

ಅದೇ ದಶಕಗಳಲ್ಲಿ ಮುಂಬೈ ಪ್ರಾಂತಕ್ಕೆ ಕಾಡಿನ ಚಿಂತೆಯೂ ಹತ್ತಿತು. ಪುಣೆಯ ಬಳಿಯ ದಾಪೋಡಿಯ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವೈದ್ಯ ಅಲೆಕ್ಸಾಂಡರ್ ಗಿಬ್ಸನ್ 1847ರಲ್ಲಿ ಪ್ರಾಂತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಘಟ್ಟದ ಮೇಲಿನ ಕಾಡು ಹೋದರೆ ಕೆಳಗಿನ ಒರತೆಗಳು ಬತ್ತುತ್ತವೆ ಎಂದು ಅವನು ಬಿಡದೆ ಬರೆದ. 1861ರಲ್ಲಿ ನಿಕೋಲ್ ಡಾಲ್ಜೆಲ್‌ನೊಡನೆ ಸೇರಿ ಮುಂಬೈ ಪ್ರಾಂತದ ಸಸ್ಯಗಳ ಪುಸ್ತಕವನ್ನೂ ಹೊರತಂದ. ಅದೇ ಶತಮಾನದಲ್ಲಿ ಬೆಳಗಾವಿಯಲ್ಲಿ ಸಸ್ಯ ಸಂಗ್ರಹಿಸುತ್ತಿದ್ದ ಡಾ. ರಿಚಿಯ ಮಾದರಿಗಳಿಂದಾಗಿ ಹೂಕರ್‌ನ ಭಾರತೀಯ ಸಸ್ಯಸಂಪುಟಗಳಲ್ಲಿ ಈ ಊರಿನ ಹೆಸರು ಮತ್ತೆಮತ್ತೆ ಬರುತ್ತದೆ. ಒರತೆಯ ಬಗ್ಗೆ ಗಿಬ್ಸನ್ ಆಡಿದ ಮಾತು ಖಾನಾಪುರಕ್ಕೆ ನೇರವಾಗಿ ತಟ್ಟುತ್ತದೆ. ಮಲಪ್ರಭೆ ಹುಟ್ಟುವುದು ಈ ತಾಲೂಕಿನ ಕಣಕುಂಬಿಯಲ್ಲಿ, ಮಹದಾಯಿ ಹುಟ್ಟುವುದೂ ಇದೇ ತಾಲೂಕಿನ ದೇಗಾವಿನ ಕಾಡಿನಲ್ಲಿ.

ರಸ್ತೆಯ ಗಿಡಕ್ಕೆ ಹಣ ಎಲ್ಲಿಂದ? ಇದಕ್ಕೆ ಉತ್ತರ ಸಿಕ್ಕಿದ್ದು 1869ರ ಮುಂಬೈ ಲೋಕಲ್ ಫಂಡ್ ಕಾಯ್ದೆಯಲ್ಲಿ. ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಉಪಕರ ಕೂಡಿಸಿ, ಅದರಿಂದ ಹಳ್ಳಿಯ ಶಾಲೆ, ರಸ್ತೆ, ಬಾವಿ, ಧರ್ಮಶಾಲೆಗಳನ್ನು ನಡೆಸಬೇಕೆಂದು ಗೊತ್ತುಮಾಡಲಾಯಿತು. ರಸ್ತೆಬದಿಯ ಗಿಡವೂ ಆ ಲೆಕ್ಕದಲ್ಲಿ ಬಂತು. ಎಂದರೆ ಬೆಳಗಾವಿ ಸೀಮೆಯ ಸಾಲುಗಿಡಗಳಿಗೆ ನೀರು ಹಾಕಿದ ದುಡ್ಡು ಇಲ್ಲಿನ ರೈತನದೇ. ಅದನ್ನು ಬಿಳಿಯರ ಕೊಡುಗೆ ಎಂದಷ್ಟೇ ಹೇಳಿ ಮುಗಿಸುವುದು ಸರಿಯಲ್ಲ.

ಆಗ ಈ ಜಿಲ್ಲೆಯ ಜೀವನಾಡಿ ಪಶ್ಚಿಮದ ಕಡೆಗಿತ್ತು. ಕಪ್ಪುನೆಲದ ಹತ್ತಿ ಬಂಡಿಗಳಲ್ಲಿ ಬೆಳಗಾವಿ ದಾಟಿ, ಮೊದಲು ರಾಮಘಾಟ, ಆಮೇಲೆ ಅಂಬೋಲಿ ಘಾಟ ಇಳಿದು ವೆಂಗುರ್ಲೆಯ ಬಂದರಿಗೆ ಹೋಗುತ್ತಿತ್ತು. ಮರಳುವಾಗ ಅದೇ ಬಂಡಿಗಳಲ್ಲಿ ಉಪ್ಪು, ತೆಂಗು. ಪುಣೆಯಿಂದ ಹರಿಹರದ ಕಡೆ ಹೋಗುವ ಹೆದ್ದಾರಿ ಇದನ್ನು ಬೆಳಗಾವಿಯಲ್ಲಿ ಕೂಡುತ್ತಿತ್ತು. ಬಂಡಿಯ ದಾರಿಯ ಬದಿಗೆ ಯಾವ ಗಿಡ ಎಂಬುದರಲ್ಲಿ ಬಹಳ ವಿವೇಚನೆಯಿತ್ತು. ಎಲೆ ಬಾಡದ ಆಲ, ಬಸರಿ, ಮಳೆಗಾಲದ ಕೆಸರಿಗೂ ಜಗ್ಗದ ನೇರಳೆ, ಬಯಲಿನ ಬರಕ್ಕೆ ಬಾಳುವ ಬೇವು, ನೂರಾರು ವರ್ಷ ನಿಲ್ಲುವ ಹುಣಸೆ, ತೋಪಿಗೆ ಮಾವು, ಹೊಲದ ಗೊಬ್ಬರಕ್ಕೆ ಸೊಪ್ಪು, ದೀಪಕ್ಕೆ ಎಣ್ಣೆ ಕೊಡುವ ಹೊಂಗೆ.

ಇವುಗಳ ಕಾವಲುಗಾರನಿಗೆ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಮೈಲ್‌ಕೂಲಿ ಎಂದು ಹೆಸರು. ಗೊತ್ತಾದ ಮೈಲುಗಳ ರಸ್ತೆ ಅವನ ಪಾಲಿಗೆ. ಗುಂಡಿಗೆ ಖಡಿ ತುಂಬುವುದು, ಮಳೆನೀರಿನ ಗಟಾರ ಬಿಡಿಸುವುದು, ಬಾಗಿದ ಕೊಂಬೆ ಸವರುವುದು, ಬೇಸಿಗೆಯಲ್ಲಿ ಎಳೆಯ ಗಿಡಕ್ಕೆ ಕೊಡ ಹೊರುವುದು ಎಲ್ಲ ಅವನ ಕೆಲಸ. ರಾತ್ರಿ ಬಂಡಿಯವರಿಗೆ ಕಾಣಲೆಂದು ಕಾಂಡಕ್ಕೆ ಸುಣ್ಣದ ಪಟ್ಟೆ, ನಡುವೆ ಕೆಮ್ಮಣ್ಣಿನ ಗೆರೆ ಬಳಿಯುತ್ತಿದ್ದ. ಕೆಲವೆಡೆ ತೊಗಟೆ ಸವರಿ ಅಂಕಿ ಬರೆಯುತ್ತಿದ್ದರು. ಅಂಕಿ ಬಿದ್ದ ಗಿಡ ಲೆಕ್ಕದ ಪುಸ್ತಕದಲ್ಲಿದೆ ಎಂದರ್ಥ. ಬಿದ್ದರೆ, ಕದ್ದರೆ ಯಾರಾದರೂ ಜವಾಬು ಕೊಡಬೇಕು. ಇತಿಹಾಸದ ಪುಸ್ತಕಗಳು ಕಲೆಕ್ಟರುಗಳ ಹೆಸರು ಬರೆದಿಟ್ಟಿವೆ, ಮೈಲ್‌ಕೂಲಿಗಳ ಹೆಸರು ಬರೆದಿಲ್ಲ. ಆದರೂ ನೂರು ವರ್ಷದ ಹುಣಸೆಯೊಂದು ನಿಂತಿದ್ದರೆ ಅದು ಅವರ ಕೈಯ ಕೆಲಸ.

ಗಿಡಕ್ಕೂ ಸರ್ಕಾರಕ್ಕೂ ಇನ್ನೊಂದು ಗಂಟಿತ್ತು: ಫಲದ ಹರಾಜು. ಹುಣಸೆ ಬಲಿಯುವ ಹೊತ್ತಿಗೆ ಇಂತಿಷ್ಟು ಮೈಲಿನ ಗಿಡಗಳ ಹಣ್ಣು ಎಂದು ಸವಾಲು ಕೂಗುತ್ತಿದ್ದರು. ಹಿಡಿದವನು ಹಣ್ಣು ಇಳಿಸಿಕೊಳ್ಳುವವರೆಗೆ ತನ್ನ ಗಿಡವನ್ನು ತಾನೇ ಕಾಯುತ್ತಿದ್ದ. ಕರ್ನಾಟಕದ ಎಷ್ಟೋ ರಸ್ತೆಗಳಲ್ಲಿ ಈ ಪದ್ಧತಿ ಇಂದಿಗೂ ನಡೆದಿದೆ. ವರ್ಷವರ್ಷ ಆದಾಯ ತರುವ ಗಿಡವನ್ನು ಕಡಿಯಲು ಕಚೇರಿಯ ಕೈಯೂ ಹಿಂಜರಿಯುತ್ತದೆ. ಸಾಲುಮರ ಕಾಯಲು ಇದಕ್ಕಿಂತ ಸರಳವೂ ಅಗ್ಗವೂ ಆದ ಏರ್ಪಾಡನ್ನು ಆಮೇಲಿನ ಯಾವ ಯೋಜನೆಯೂ ಕಂಡುಹಿಡಿದಂತಿಲ್ಲ.

ಅಷ್ಟರಲ್ಲಿ ರೈಲು ಬಂತು. 1876–78ರ ಭೀಕರ ಬರದಲ್ಲಿ ಕಾಳು ಒಂದೆಡೆ, ಹಸಿದ ಜನ ಇನ್ನೊಂದೆಡೆ ಉಳಿದದ್ದನ್ನು ಕಂಡ ಸರ್ಕಾರ, ಬರ ತಡೆಯುವ ಮಾರ್ಗಗಳೆಂದು ಹೊಸ ಹಳಿಗಳನ್ನು ಯೋಜಿಸಿತು. ಅದಕ್ಕಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಧಾರವಾಡದಲ್ಲಿ ಅದು ಕಟ್ಟಿಸಿದ ಮುಖ್ಯ ಕಚೇರಿಯೇ ಇಂದಿನ ಕರ್ನಾಟಕ ಕಾಲೇಜು. 1887ರಲ್ಲಿ ಲೋಂಡಾದಿಂದ ಗುಂಜಿ, ಖಾನಾಪುರ, ದೇಸೂರುಗಳ ಮೇಲೆ ಬೆಳಗಾವಿಗೆ ಮೀಟರ್‌ಗೇಜ್ ಗಾಡಿ ಓಡಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ಯಾಸಲ್‌ರಾಕಿನ ಘಟ್ಟ ಏರಿ ಗೋವೆಯ ಮಾರ್ಮಗೋವಾ ಬಂದರಿನ ಹಳಿಯೂ ಬಂದು ಲೋಂಡಾವನ್ನು ಕೂಡಿಕೊಂಡಿತು. ವೆಂಗುರ್ಲೆಯ ದಾರಿಯ ಬಂಡಿಗಳಿಗೆ ಕೆಲಸ ಕಡಿಮೆಯಾಯಿತು.

ಗಿಡಗಳ ಜೊತೆಗೆ ರೈಲಿನ ಸಂಬಂಧವೇ ಬೇರೆ. ರಸ್ತೆಗೆ ಮರ ಬೇಕು ಜೀವಂತವಾಗಿ. ಹಳಿಗೆ ಮರ ಬೇಕು ಕೊಯ್ದು. ಹಳಿಯ ಅಡಿಯ ಪಟ್ಟಿಗೆ ಸಾಗುವಾನಿ, ಮತ್ತಿ, ಜಂಬೆ. ಬೋಗಿಗೆ, ಸೇತುವೆಗೆ, ನಿಲ್ದಾಣದ ಮಾಡಿಗೆ ಮತ್ತೆ ಸಾಗುವಾನಿ. ಇಂಜಿನ್ನಿನ ಒಲೆಗೆ ಸೌದೆ. 1878ರ ಅರಣ್ಯ ಕಾಯ್ದೆ ಕಾಡನ್ನು ಸರ್ಕಾರದ ಮೀಸಲು ಮಾಡಿದ್ದರಿಂದ ಕುಮರಿ ಬೇಸಾಯದವರಿಗೂ ಸೊಪ್ಪು-ಸೌದೆಯ ಹಳ್ಳಿಗರಿಗೂ ಬಾಗಿಲು ಇಕ್ಕಟ್ಟಾಯಿತು. ಅದೇ ಬಾಗಿಲಿನಿಂದ ಮರದ ದಿಮ್ಮಿ ಸಾಲುಸಾಲಾಗಿ ಲೋಂಡಾದ ಕಡೆ ಹೊರಟಿತು. ಹಳಿಯ ಹತ್ತಿರ ದೊಡ್ಡ ಗಿಡ ಬೆಳೆಯಗೊಡುತ್ತಿರಲಿಲ್ಲ. ಮಳೆಗಾಳಿಗೆ ಮುರಿದು ಹಳಿಯ ಮೇಲೋ ತಂತಿಯ ಮೇಲೋ ಬೀಳುವ ಭಯ. ದನ ಹಳಿಗೆ ಬರದಂತೆ ಕತ್ತಾಳೆಯ ಬೇಲಿ ಹಾಕುತ್ತಿದ್ದರು. ದೇಶದ ಎಷ್ಟೋ ರೈಲುಮಾರ್ಗಗಳ ಪಕ್ಕದಲ್ಲಿ ಅದರ ಬೂದುಹಸಿರು ಮುಳ್ಳೆಲೆಗಳು ಇನ್ನೂ ಕಾಣುತ್ತವೆ. ನಿಲ್ದಾಣದ ಅಂಗಳಕ್ಕೆ ಮಾತ್ರ ನೆರಳಿನ ಗಿಡ. ಬಿಸಿಲಿನಲ್ಲಿ ಗಾಡಿ ಕಾಯುವವರು ಮನುಷ್ಯರಲ್ಲವೇ.

ಬೆಳಗಾವಿಯ ಟಿಳಕವಾಡಿಯಲ್ಲಿ ಹಳಿ ಮತ್ತು ರಸ್ತೆ ಅಕ್ಕಪಕ್ಕದಲ್ಲೇ ಸಾಗುತ್ತವೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲೇ. ಗಂಗಾಧರರಾವ್ ದೇಶಪಾಂಡೆ ಅದರ ರೂವಾರಿ. ಬಯಲಿನಲ್ಲಿ ವಿಜಯನಗರ ಎಂಬ ತಾತ್ಕಾಲಿಕ ಊರೇ ಎದ್ದಿತು. ನೀರಿಗೆಂದು ತೋಡಿದ ಪಂಪಾಸರೋವರ ಇಂದು ಕಾಂಗ್ರೆಸ್ ಬಾವಿ, ಆ ದಾರಿ ಕಾಂಗ್ರೆಸ್ ರಸ್ತೆ. ಮುಂದೆ ಮನೆಗಳು ಎದ್ದು, ಬಯಲು ಬಡಾವಣೆಯಾದಂತೆ ರಸ್ತೆಗಳಿಗೆ ನೆರಳು ಬಂತು. ಸಿಡುಬಿನ ಲಸಿಕೆ ತಯಾರಿಸಲು ಟಿಳಕವಾಡಿಯಲ್ಲೇ ತೆರೆದ ಸಂಸ್ಥೆಯ ವಿಶಾಲ ಆವರಣ, ಊರವರ ವ್ಯಾಕ್ಸಿನ್ ಡಿಪೋ, ನಗರದ ನಡುವೆ ದೊಡ್ಡ ಹಸಿರು ತುಂಡಾಗಿ ಉಳಿಯಿತು.

ಈ ಹೊತ್ತಿಗೆ ಗಿಡದ ಜಾತಿಯೂ ಬದಲಾಗಿತ್ತು. ದಕ್ಷಿಣ ಅಮೆರಿಕೆಯ ಮಳೆಮರ, ಮಡಗಾಸ್ಕರಿನ ಗುಲ್‌ಮೊಹರ್ ಬೇಗ ಬೆಳೆದು ಹೂ ಬಿಟ್ಟು ಕಣ್ಣು ಸೆಳೆದವು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಳೆಮರದ ಎಲೆ ಸಂಜೆಗೂ ಮೋಡಕ್ಕೂ ಮಡಚಿಕೊಳ್ಳುತ್ತದೆ, ಹಗಲಿನಲ್ಲಿ ಇಡೀ ರಸ್ತೆಗೆ ಚಪ್ಪರ ಹಾಕುತ್ತದೆ, ಜಾಗ ಕೊಟ್ಟರೆ ನೂರು ವರ್ಷದತ್ತ ಸಾಗುತ್ತದೆ. ಗುಲ್‌ಮೊಹರಿನ ಬೇರು ಮೇಲುಮೇಲೆ, ಕೊಂಬೆ ಪೆಳಸು. ಆಷಾಢದ ಗಾಳಿಮಳೆ ಹಿಡಿದರೆ ಬೆಳಗಾವಿಯಲ್ಲಿ ಮೊದಲು ಮುರಿಯುವ ಗಿಡಗಳಲ್ಲಿ ಇದೂ ಒಂದು. ಏಪ್ರಿಲ್-ಮೇಯಲ್ಲಿ ಕೆಂಪು ಹೂವಿನಿಂದ ತುಂಬಿದ ಗುಲ್‌ಮೊಹರ್ ಸಾಲು ಮನಸ್ಸಿಗೆ ಮುದವೇ. ಆದರೆ ಹಕ್ಕಿಗೆ ಆಲದಲ್ಲಿ ಸಿಗುವಷ್ಟು ಹಣ್ಣು ಇಲ್ಲಿಲ್ಲ.

1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಲಾರಿ, ಬಸ್ಸು ಹೆಚ್ಚಿದವು. ಎತ್ತಿನ ಬಂಡಿಗಾಗಿ ಹುಟ್ಟಿದ ನೆರಳು ಡ್ರೈವರಿಗೆ ಇಕ್ಕಟ್ಟಿನಂತೆ ಕಾಣತೊಡಗಿತು. ಡಾಂಬರು ಅಗಲವಾಗುತ್ತ ಬಂದು ಕಾಂಡಕ್ಕೆ ಮುಟ್ಟಿತು. ಮೈಲ್‌ಕೂಲಿಯ ಹುದ್ದೆ ತೆಳ್ಳಗಾಗುತ್ತ ಹೋಯಿತು, ದುರಸ್ತಿ ಗುತ್ತಿಗೆದಾರನ ಕೈಗೆ ಬಂತು. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಶುರುವಾದಾಗ ರಸ್ತೆ, ಕಾಲುವೆ, ಹಳಿಗಳ ಅಂಚಿಗೆ ಪಟ್ಟಿ ನೆಡುತೋಪು ಎಂಬ ಹೊಸ ಲೆಕ್ಕ ಬಂತು. ಗುರಿ ಮುಟ್ಟುವ ಆತುರದಲ್ಲಿ ಹೆಚ್ಚಾಗಿ ಎದ್ದದ್ದು ನೀಲಗಿರಿ ಮತ್ತು ಅಕೇಶಿಯಾ. ದನ ಮೂಸದ, ಹಕ್ಕಿ ಗೂಡು ಕಟ್ಟಲು ಒಲ್ಲದ, ಹತ್ತು ವರ್ಷಕ್ಕೆ ಕಡಿತಕ್ಕೆ ಬರುವ ಗಿಡಗಳು. ಪಕ್ಕದ ಧಾರವಾಡದ ಸಮಾಜ ಪರಿವರ್ತನ ಸಮುದಾಯ 1987ರಲ್ಲಿ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಸಿ, ನೀಲಗಿರಿ ಕಿತ್ತು ಜನರಿಗೆ ಬೇಕಾದ ಗಿಡ ಹಚ್ಚಿದ್ದು ಈ ಅತೃಪ್ತಿಯ ಮುಂದುವರಿಕೆ. ಯಾವ ಗಿಡ ಎಂಬುದನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಯನ್ನು ಉತ್ತರ ಕರ್ನಾಟಕದ ರೈತರು ಅಷ್ಟು ನೇರವಾಗಿ ಕೇಳಿದ್ದು ಅದೇ ಮೊದಲಿರಬೇಕು.

ಹೊಸ ಶತಮಾನ ಅಗಲೀಕರಣದ ಕಾಲ. ಮೊದಲು ಪುಣೆ–ಬೆಂಗಳೂರು ಹೆದ್ದಾರಿ, ಆಗಿನ 4, ಈಗಿನ 48, ನಾಲ್ಕು ಪಥವಾಯಿತು. ನಿಪ್ಪಾಣಿ, ಸಂಕೇಶ್ವರ, ಕಿತ್ತೂರಿನ ಕಡೆಯ ಹಳೆಯ ಸಾಲುಗಳು ಹೋದವು. ಆಮೇಲಿನ ಸರದಿ ಬೆಳಗಾವಿ–ಖಾನಾಪುರ–ಗೋವೆ ದಾರಿಯದು, ಹಳೆಯ 4ಎ, ಈಗಿನ 748. ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿ ಖಾನಾಪುರದವರೆಗೆ ಎರಡೂ ಬದಿಯ ಆಲ, ಮಾವು, ನೇರಳೆಗಳು ಉರುಳಿದವು. ಗೋವೆಗೆ ಹೋಗುವ ಪ್ರವಾಸಿ ಈಗ ಗಣೇಬೈಲಿನ ಟೋಲ್ ನಾಕಾ ದಾಟಿ ಹೊತ್ತಿಗೆ ಮುಂಚೆ ಮುಟ್ಟುತ್ತಾನೆ. ಅಪಘಾತ ತಪ್ಪಿಸಲು ಅಗಲ ರಸ್ತೆ ಬೇಕಿತ್ತು ಎಂಬುದೂ ನಿಜ. ಆದರೆ ಬಸ್ಸಿಗಾಗಿ ಬಿಸಿಲಿನಲ್ಲಿ ನಿಂತ ಹಳ್ಳಿಯವರು, ಹುಲ್ಲಿನ ಹೊರೆ ಹೊತ್ತು ಬರುವವರು, ಬುಟ್ಟಿಯಲ್ಲಿ ನೇರಳೆ ಹಣ್ಣು ಇಟ್ಟುಕೊಂಡು ಗಿಡದ ಕೆಳಗೇ ಮಾರುತ್ತಿದ್ದವರು ಏನು ಕಳೆದುಕೊಂಡರು ಎಂಬುದು ಯೋಜನಾ ವರದಿಯ ಯಾವ ಕೋಷ್ಟಕದಲ್ಲೂ ಇಲ್ಲ. ನಡುಪಟ್ಟಿಯಲ್ಲಿ ಈಗ ಕಣಗಿಲೆ, ಬೋಗನ್‌ವಿಲ್ಲಾ. ಎದುರಿನ ಗಾಡಿಯ ದೀಪ ಕಣ್ಣಿಗೆ ಹೊಡೆಯದಂತೆ ಅವು ತಡೆಯುತ್ತವೆ; ದಾರಿಹೋಕನಿಗೆ ನೆರಳು ಕೊಡುವುದು ಆ ಸಣ್ಣ ಗಿಡಗಳಿಂದ ಆಗದ ಕೆಲಸ.

ನಿಯಮಗಳೇನೋ ಇವೆ. 2015ರ ಹಸಿರು ಹೆದ್ದಾರಿ ನೀತಿ ಯೋಜನೆಯ ಒಟ್ಟು ವೆಚ್ಚದ ಶೇ. 1ರಷ್ಟನ್ನು ಗಿಡ ನೆಡುವುದಕ್ಕೂ ಪೋಷಣೆಗೂ ಎತ್ತಿಡಬೇಕೆಂದು ಹೇಳುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಮೊದಲು ಪ್ರಕಟಣೆ ಕೊಟ್ಟು ಜನರ ಆಕ್ಷೇಪ ಕೇಳಬೇಕೆಂದು ನಂತರದ ತಿದ್ದುಪಡಿ ಹೇಳಿತು. ಹಳ್ಳಿಯವರಿಗೆ ಈ ಹಕ್ಕು ಇದೆಯೆಂದು ತಿಳಿಸುವವರು ಬೇಕು. ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಕಾಡಿನ ತುದಿಯಲ್ಲಿ ಹೋರಾಟಕ್ಕೆ ಒಂದು ಗೆಲುವೂ ಸಿಕ್ಕಿದೆ. ಲೋಂಡಾದಿಂದ ಮುಂದಿನ ಘಟ್ಟದಲ್ಲಿ ಕ್ಯಾಸಲ್‌ರಾಕ್–ಕುಳೆಂ ನಡುವೆ ಹಳಿ ಜೋಡಿ ಮಾಡುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅತ್ತ ಮಹದಾಯಿ ಕಣಿವೆಯ ನೆತ್ತಿಯ ಭೀಮಗಡ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಕಣಕುಂಬಿಯ ಬಳಿ ಕಳಸಾ ಹಳ್ಳದ ನೀರು ಮಲಪ್ರಭೆಗೆ ಬರಬೇಕೆಂದು ಕೇಳುವ ಬಯಲಿನ ರೈತನ ಬಾಯಾರಿಕೆ ನಿಜ. ಆ ನೀರಿನ ಮೂಲವನ್ನು ಹಿಡಿದಿಟ್ಟಿರುವುದು ಕಾಡೇ ಎಂಬುದೂ ಅಷ್ಟೇ ನಿಜ. ಹೊಳೆಯಂಚಿನ ಹೊಳೆಮತ್ತಿ, ಅತ್ತಿ, ಹೊಂಗೆ, ನೇರಳೆಗಳ ಬೇರು ದಡದ ಮಣ್ಣನ್ನು ಹಿಡಿಯುತ್ತವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ದಡದ ಎಷ್ಟೋ ಊರುಗಳು ಮುಳುಗಿದವು. ದಡದವರೆಗೂ ಉತ್ತು ಗಿಡ ತೆಗೆದ ಹೊಲಗಳಿಗೆ ಇಂಥ ನೆರೆಯಲ್ಲಿ ಮಣ್ಣಿನ ನಷ್ಟ ತಪ್ಪದು.

ಕಾಯುವವರಿದ್ದರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದ ಇನ್ನೊಂದು ತುದಿಯಲ್ಲಿ ಸಾಕ್ಷಿಯಿದೆ. ಮಾಗಡಿ ತಾಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ ಕೂಲಿ ಮುಗಿಸಿ, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದ ಆಲಗಳು 385 ಎಂದು ಪ್ರಸಿದ್ಧ. 2019ರಲ್ಲಿ ಆ ಭಾಗದ ರಸ್ತೆ ಅಗಲೀಕರಣದ ಸುದ್ದಿ ಬಂದಾಗ ಗಿಡಗಳನ್ನು ಉಳಿಸಿಕೊಡಿ ಎಂದು ಅವರೇ ಸರ್ಕಾರವನ್ನು ಕೇಳಿಕೊಂಡರು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಇಡೀ ನಾಡು ಮನೆಯ ಹಿರಿಯರನ್ನು ಕಳೆದುಕೊಂಡಂತೆ ದುಃಖಿಸಿತು. ಯಾವ ಇಲಾಖೆಯೂ ನೇಮಿಸದ ಮೈಲ್‌ಕೂಲಿಗಳಾಗಿದ್ದರು ಆ ದಂಪತಿ. ಬೆಳಗಾವಿಯಲ್ಲೂ ಗ್ರೀನ್ ಸೇವಿಯರ್ಸ್ ಎಂಬ ನಾಗರಿಕರ ತಂಡ ಭಾನುವಾರದ ಬೆಳಗನ್ನು ಗಿಡ ನೆಡುವುದಕ್ಕೆ ಮೀಸಲಿಟ್ಟಿದೆ. ಆದರೆ ಭಾನುವಾರದ ಶ್ರಮದಾನದಿಂದ 26 ಕಿ.ಮೀ. ಹೆದ್ದಾರಿಗೆ ನೀರು ಹೊರಲಾಗದು. ಸಂಬಳದ ಕೈ ಬೇಕು, ಗಿಡಕ್ಕೊಂದು ಅಂಕಿ ಬೇಕು, ಫಲದ ಪಾಲು ಪಕ್ಕದ ಪಂಚಾಯತಿಗೆ ಸಿಗಬೇಕು, ಗುತ್ತಿಗೆಯ ಹಣ ಗಿಡ ಬದುಕಿದ ಮೇಲೆ ಬಿಡುಗಡೆಯಾಗಬೇಕು.

ಈ ಮಾತು ಈಗಲೇ ಎತ್ತಬೇಕಾದ ಇನ್ನೊಂದು ಕಾರಣ ಕ್ಯಾಂಪಿನಲ್ಲಿದೆ. ನಗರದ ಅತ್ಯಂತ ಹಳೆಯ ಸಾಲುಗಳಲ್ಲಿ ಹಲವು ಉಳಿದಿರುವುದು ಅದು ಸೈನ್ಯದ ಹತೋಟಿಯ ನೆಲವಾದ್ದರಿಂದ. ದೇಶದ ಕಂಟೋನ್ಮೆಂಟುಗಳ ನಾಗರಿಕ ಭಾಗಗಳನ್ನು ಪಕ್ಕದ ನಗರಸಂಸ್ಥೆಗಳಿಗೆ ಸೇರಿಸುವ ಪ್ರಕ್ರಿಯೆಯನ್ನು ಕೇಂದ್ರ ಸರ್ಕಾರ ಕೈಗೆತ್ತಿಕೊಂಡಿದೆ. ಬೆಳಗಾವಿಯ ಕ್ಯಾಂಪೂ ಆ ಪಟ್ಟಿಯಲ್ಲಿದೆ. ರಸ್ತೆ, ದೀಪ, ನೀರಿನ ಕೊಳವೆ, ಅಂಗಡಿಗಳ ಲೆಕ್ಕ ಹಸ್ತಾಂತರದ ಕಾಗದದಲ್ಲಿ ತಾನಾಗಿ ಬರುತ್ತದೆ. ಪ್ರತಿ ಗಿಡದ ಜಾತಿ, ಸುತ್ತಳತೆ, ನಿಂತ ಜಾಗ, ಅದನ್ನು ನೋಡಿಕೊಳ್ಳುವ ಹುದ್ದೆ, ಇವೂ ಅದೇ ಕಾಗದದಲ್ಲಿ ಬರಬೇಕು. ಕಂಟೋನ್ಮೆಂಟ್ ಮಂಡಳಿ ಮತ್ತು ಮಹಾನಗರ ಪಾಲಿಕೆ ಕೂತು ಸಹಿ ಹಾಕುವ ಮೊದಲೇ ಆ ಎಣಿಕೆ ಮುಗಿಯಬೇಕು.